ಅರಮನೆಯ ಬೀಗಿತ್ತಿ

ಬೀಗಿತ್ತಿ ಬರುತ್ತಾಳೆಂದರೆ ಯಾವ ಹೆಂಗಸಿಗೂ ಸ್ವಲ್ಪ ಎದೆ ಡವಗುಟ್ಟುತ್ತದೆ. ಚಂಪಾಳ ಬೀಗಿತ್ತಿಯೋ ಇಂಗ್ಲೆಂಡಿನ ಅರಮನೆಯವಳು, ಲೇಡಿ ಹಾರಿಯೆಟ್. ಒಬ್ಬ ರಾಜಕುಮಾರಿಯ ಹಿಂದೆ ನಿಂತು, ಅವಳ ಹೂಗುಚ್ಛ ಹಿಡಿದು ಅರ್ಧ ಆಯುಷ್ಯ ಕಳೆದವಳು. ಅವಳ ಮಗ ಎಡ್ಮಂಡ್ ಪಾಸಿರ್ ಪಂಜಾಂಗ್ ಬಂದರಿನ ಹಡಗು ಕಚೇರಿಯಲ್ಲಿ ಚಂಪಾಳ ಮಗಳು ತೃಷಾಳನ್ನು ಮೆಚ್ಚಿ ಮದುವೆಯಾದಾಗ, ಚಂಪಾ ಉಡುಪಿಯ ನೆಂಟರಿಗೆಲ್ಲ ಫೋನು ಮಾಡಿ ಜಂಬ ಕೊಚ್ಚಿಕೊಂಡದ್ದೂ ನಿಜ.

ಈಗ ಆ ಜಂಬ ಇಳಿದಿತ್ತು. ಎಡ್ಮಂಡ್‌ನ ತಂದೆ ತೀರಿಕೊಂಡು, ಇಂಗ್ಲೆಂಡಿನ ದೊಡ್ಡ ಮನೆ ಅವನ ಪಾಲಿಗೆ ಬಂದಿತ್ತು. ತಮ್ಮ ಎಳೆಗೂಸಿನೊಂದಿಗೆ ಅಲ್ಲಿಗೇ ಹೋಗುವುದು, ಅದನ್ನು ಆ ಅಜ್ಜಿ ನೋಡಿಕೊಳ್ಳುವುದು ಎಂದು ಗಂಡಹೆಂಡಿರ ಮಾತಾಗಿತ್ತು. ತುಳುನಾಡಿನ ಲೆಕ್ಕದಲ್ಲಿ ಹೆಣ್ಣುಮಗು ತಾಯಿಯ ಮನೆಯ ಕುಡಿ. ಅದನ್ನು ಒಯ್ಯಲು ಬರುವವಳನ್ನು ನೆನೆದರೆ ಚಂಪಾಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಅವಳನ್ನು ಕೇಳಿದವರು ಯಾರು?

ಚಂಪಾ ಮಗಳು, ಅಳಿಯನ ಜೊತೆಗಿದ್ದ ಪುಂಗೋಲ್‌ನ ಫ್ಲಾಟಿಗೆ ಲೇಡಿ ತನ್ನ ಪೆಟ್ಟಿಗೆ ತಾನೇ ಎಳೆದುಕೊಂಡು ಬಂದಳು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಕೂರಿ ಎಂದು ಚಂಪಾ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದರೂ ಕೂರಲಿಲ್ಲ. ಅತಿಥಿ ಕಾಫಿ ಕುಡಿಯುವ ಮೊದಲು ಮನೆಯೊಡತಿ ಕೂರುವುದುಂಟೇ ಎಂದು ಚಂಪಾ ನಿಂತಳು. ಮನೆಯೊಡತಿ ನಿಂತಿರುವಾಗ ತಾನು ಕೂರುವುದುಂಟೇ ಎಂದು ಅವಳೂ ನಿಂತಳು. ಕಾಫಿ ಆರಿ ತಣ್ಣಗಾಯಿತು. ಕೊನೆಗೆ ಮಗು ಅತ್ತು ಇಬ್ಬರನ್ನೂ ಪಾರು ಮಾಡಿತು.

ಎಣ್ಣೆಸ್ನಾನದ ಹೊತ್ತು. ಚಂಪಾ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ತೆಂಗಿನೆಣ್ಣೆ ತಿಕ್ಕಿದಳು. ಲೇಡಿ ಬಾಗಿಲಲ್ಲಿ ನಿಂತು ಕಣ್ಣರಳಿಸಿ ನೋಡುತ್ತಿದ್ದಳು. ನೀವೂ ಒಂದು ಚೊಂಬು ಎರೆಯಿರಿ ಎಂದಳು ಚಂಪಾ. ತಾನು ಯಾವ ಮಗುವಿಗೂ ಸ್ನಾನ ಮಾಡಿಸಿಲ್ಲ, ಅದೆಲ್ಲ ದಾದಿಯ ಕೆಲಸವಾಗಿತ್ತು ಎಂದಳು ಅವಳು. ಹೆತ್ತ ಮಕ್ಕಳಿಗೂ ಇಲ್ಲವೇ ಎಂದು ಚಂಪಾ ಬಾಯಿ ಬಿಟ್ಟಳು. ಆದರೂ ಅವಳ ಕೈಗೆ ಚೊಂಬು ಕೊಟ್ಟಳು. ಅವಳು ನೀರೆರೆಯದೆ ಅದನ್ನು ಕೆಳಗಿಟ್ಟಳು.

ಆಗ ಅವಳು ಮೆಲ್ಲಗೆ ಹೇಳಿದಳು. ಎಡ್ಮಂಡ್‌ಗೆ ಒಬ್ಬ ಅಕ್ಕ ಇದ್ದಳಂತೆ. ಮಗು ಮಿದುಳುಜ್ವರದಲ್ಲಿ ಮಲಗಿದ್ದಾಗ ಇವಳು ರಾಜಕುಮಾರಿಯ ಜೊತೆ ದೂರದ ಪ್ರವಾಸದಲ್ಲಿದ್ದಳಂತೆ. ಪಾಪ, ಹೋಗಲು ಬಿಡಲಿಲ್ಲವೇನೋ ಎಂದಳು ಚಂಪಾ.

“ಬಿಟ್ಟರು. ವಿಮಾನ ಸಿದ್ಧವಿತ್ತು. ಹೋಗು ಅಂತ ರಾಜಕುಮಾರಿಯೇ ಹೇಳಿದಳು. ಔತಣ ಮುಗಿಸಿ ಹೋಗುತ್ತೇನೆ ಅಂದದ್ದು ನಾನು.”

ಔತಣ ಮುಗಿಯುವಷ್ಟರಲ್ಲಿ ಮಗು ಹೋಗಿತ್ತು.

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಚಂಪಾ ಒದ್ದೆ ಮಗುವನ್ನು ಎದೆಗೆ ಅವಚಿಕೊಂಡಿದ್ದಳು. ತಾಯಿಯಾದವಳು ಹೀಗೂ ಮಾಡಿಯಾಳೇ? ಲೇಡಿ ಅದನ್ನು ಕಂಡಳು, ಬೇಸರಪಡಲಿಲ್ಲ.

“ಎಡ್ಮಂಡ್‌ಗೆ ಇದು ಗೊತ್ತಿಲ್ಲ. ನನ್ನನ್ನು ಬಿಡಲಿಲ್ಲ ಅಂತಲೇ ನಂಬಿದ್ದಾನೆ. ಈ ಮಗುವನ್ನು ನನ್ನ ಕೈಗೆ ಕೊಡಬೇಡಿ. ಅವನಿಗೆ ಹೇಳುವ ಧೈರ್ಯ ನನಗಿಲ್ಲ, ನೀವೇ ಹೇಳಿ.”

ಸಂಜೆ ಮಗಳು, ಅಳಿಯ ಬಂದರು. ಟಿಕೆಟ್ ಯಾವತ್ತಿಗೆ ಎಂದು ಎಡ್ಮಂಡ್ ತಾಯಿಯನ್ನು ಕೇಳಿದ. ಅವಳು ಬಿಳಿಚಿಕೊಂಡು ಚಂಪಾಳ ಮುಖ ನೋಡಿದಳು. ಹೇಳಿ ಎಂದು ಅವಳು ಬೇಡಿಕೊಂಡ ಮಾತು ಚಂಪಾಳ ನಾಲಿಗೆಯ ತುದಿಗೇ ಬಂದಿತ್ತು. ಒಂದು ಮಾತು ಆಡಿದರೆ ಸಾಕು, ಮೊಮ್ಮಗಳು ತನ್ನವಳು. ಆದರೆ ಆಮೇಲೆ ಇವನು ಹೆತ್ತವಳ ಮುಖ ನೋಡುತ್ತಾನೆಯೇ? ಚಂಪಾ ಮಗಳ ಕಡೆ ತಿರುಗಿದಳು.

“ಟಿಕೆಟ್ ಬುಕ್ ಮಾಡ್ಬೇಡಿ. ಇವರಿಗೆ ಮಗುಗೆ ಎರೆಯೋಕೆ ಬರಲ್ಲ. ಕಲಿಯೋವರೆಗೂ ಇವರೂ ಇಲ್ಲೇ ಇರ್ಲಿ, ಮಗೂನೂ ಇಲ್ಲೇ ಇರ್ಲಿ. ಅಷ್ಟೇ.”

ತೃಷಾ ಅದನ್ನು ಗಂಡನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ಕಲಿಯಲು ಎಷ್ಟು ಹೊತ್ತು ಬೇಕು ಎಂದು ಅವನು ನಕ್ಕ.

“ನನಗೆ ಬೇಗ ಬರುವುದಿಲ್ಲ” ಎಂದಳು ಲೇಡಿ ಹಾರಿಯೆಟ್. ಹಾಗೆಂದವಳೇ ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳತೊಡಗಿದಳು. ತಾಯಿ ಅಳುವುದನ್ನು ಎಡ್ಮಂಡ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನ ನಗು ಅಲ್ಲೇ ನಿಂತುಹೋಯಿತು.