ಸಂತೆಗೆ ಬೇಡವಾದ ಆಡುಗಳು

ಯಾರೋ ಮೂರು ಸಲ ಬಾಗಿಲು ಬಡಿದರು.

“ಸತ್ತ್ ಬಿದ್ದಿದ್ದೀಯೇನೇ? ತೆಗಿ ಬಾಗ್ಲು!”

ಜಮಿರನ್ ಚಿಮಣಿ ಹಿಡಿದು ಅಗುಳಿ ಸರಿಸಿದಳು. ಮುಖಕ್ಕೆ ಗಮ್ಛಾ ವಸ್ತ್ರ ಸುತ್ತಿಕೊಂಡಿದ್ದ ಗಂಡಸೊಬ್ಬ ಮೊದಲು ಚಿಮಣಿಯನ್ನು ಊದಿ ಆರಿಸಿದ. ಆಮೇಲೆ ಎರಡು ಆಡುಗಳನ್ನು ಒಳಗೆ ದಬ್ಬಿದ.

“ಎರಡ್ ರಾತ್ರಿ ಇರ್ಲಿ. ಯಾರಾದ್ರೂ ಕೇಳಿದ್ರೆ ನಿನ್ನವೇ ಅನ್ನು.”

“ಯಾರ್ವು ಇವು?”

“ಪಾಲಿಗೆ ಆಡು ಸಾಕೋ ಮುಂಡೇಗೆ ಅದೆಲ್ಲ ಯಾಕೆ? ಬಾಯ್ಬಿಟ್ರೆ ನಾಳೆ ನಿನ್ನ ಕೊಟ್ಟಿಗೆ ಖಾಲಿ.”

ಕತ್ತಲಲ್ಲಿ ಸರಕು ಹೇರುವ ಸೈಕಲ್ ವ್ಯಾನಿನ ಗಾಲಿಗಳು ಕೆಸರು ಸೀಳಿಕೊಂಡು ದೂರ ಸರಿದವು.

ಹಿಜೊಲ್‌ಡಾಂಗಾ ಹಳ್ಳಿಯ ಹೆಂಗಸರಿಗೆ ಇದು ಹೊಸದಲ್ಲ. ಸಂತೆಯಲ್ಲಿ ಬಿಕರಿಯಾಗದ ಆಡುಗಳು ಮುಂದಿನ ಸಂತೆಯವರೆಗೆ ಪಾಲಿಗೆ ಸಾಕುವವರ ಕೊಟ್ಟಿಗೆಯಲ್ಲೇ ಮೇಯಬೇಕು. ವ್ಯಾಪಾರಿಗೆ ಸೊಪ್ಪಿನ ಖರ್ಚು ಉಳಿಯುತ್ತದೆ. ಅವು ಇದ್ರಿಸ್ ಬೇಪಾರಿಯ ಆಡುಗಳೆಂದು ಎಲ್ಲರೂ ನಂಬಿದ್ದರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಜಮಿರನ್‌ಳ ಕೊಟ್ಟಿಗೆಯಲ್ಲಿ ಮೂರು ಆಡುಗಳಿದ್ದವು. ಎರಡು ಊರ ಯಜಮಾನ ತೊಯೆಬ್ ಮೊಂಡಲನವು. ತಾಯಾಡು ಅವನದು, ಹುಟ್ಟುವ ಮರಿಗಳಲ್ಲಿ ಅರ್ಧ ಅವನದು. ಸೊಪ್ಪು, ಹಿಕ್ಕೆ, ನಿದ್ದೆಗೇಡು ಪೂರ್ತಿಯಾಗಿ ಅವಳದು. ನಾಲ್ಕು ವರ್ಷ ಹಾಗೆ ದುಡಿದ ಮೇಲೆ ಅವಳ ಪಾಲಿಗೆ ದಕ್ಕಿದ್ದು ಕಾಜೊಲ್ ಎಂಬ ಕಪ್ಪು ಹೆಣ್ಣಾಡು. ಅದೀಗ ಗಬ್ಬವಾಗಿತ್ತು. ಈ ಭೂಮಿಯ ಮೇಲೆ ಜಮಿರನ್ ತನ್ನದೆಂದು ಹೇಳಬಹುದಾದ ಜೀವ ಅದೊಂದೇ.

ಬೆಳಗಾದಾಗ ಹೊಸ ಆಡುಗಳಲ್ಲೊಂದರ ಕಣ್ಣಿಗೆ ಪಿಸುರು ಮೆತ್ತಿತ್ತು, ಮೂಗು ಸುರಿಯುತ್ತಿತ್ತು. ಸಂತೆಯ ಧೂಳಿರಬೇಕು ಎಂದುಕೊಂಡಳು. ಓಣಿಯ ಏಳು ಮನೆಯವರೂ ಗಂಜಿ, ಕಲಗಚ್ಚು ಸುರಿಯುವ ಬಾನಿ ಒಂದೇ. ಏಳು ಮನೆಯ ಆಡುಗಳೂ ಕುಡಿಯುವುದು ಅದರಲ್ಲೇ. ಹೊರಗಿನಿಂದ ಬಂದ ಜೀವಕ್ಕೆ ಮೊದಲ ಗುಟುಕು ಎಂಬುದು ಆ ಓಣಿಯ ರೂಢಿ. ಜಮಿರನ್ ಅವೆರಡನ್ನೂ ಕಿವಿ ಹಿಡಿದು ತಂದು ಎಲ್ಲಕ್ಕಿಂತ ಮುಂದೆ ಬಾನಿಗೆ ಬಿಟ್ಟಳು. ಪಿಸುರುಗಣ್ಣಿನದು ಗಂಜಿಯೊಳಗೇ ಸೀನಿತು.

“ನಿಧಾನಕ್ಕೆ ಕುಡಿಯೇ ತಾಯಿ, ಯಾರೂ ಕಿತ್ಕೊಳಲ್ಲ” ಎಂದು ಅವಳು ಅದರ ಬೆನ್ನು ಸವರಿದಳು.

ಮೂರನೆಯ ದಿನ ನಸುಕಿಗೆ ಬಂದ ವ್ಯಾನು ಅವುಗಳನ್ನು ಬೇರೊಂದು ಸಂತೆಗೆ ಹೊತ್ತೊಯ್ದಿತು.

ಆರನೆಯ ದಿನ ಮೊಂಡಲನ ಎರಡೂ ಆಡುಗಳ ಬಾಯೊಳಗೆ ಹುಣ್ಣೆದ್ದಿತು. ಭೇದಿ ನಿಲ್ಲಲಿಲ್ಲ. ಪಾಲಿನ ಆಡು ಸಾಯುವ ಮೊದಲೇ ಧಣಿಯ ಕಣ್ಣಿಗೆ ಬೀಳಬೇಕು. ಇಲ್ಲದಿದ್ದರೆ ಕದ್ದು ಮಾರಿದಳೆಂಬ ಮಾತು ಬರುತ್ತದೆ. ಜಮಿರನ್ ಒಂದನ್ನು ಹೆಗಲಿಗೇರಿಸಿಕೊಂಡು ಊರ ನಡುವೆ ನಡೆದಳು. ಅದರ ಜೊಲ್ಲು, ಹೇಲು ದಾರಿಯುದ್ದಕ್ಕೂ ತೊಟ್ಟಿಕ್ಕಿದವು.

ಅಂಗಳದ ಕುರ್ಚಿಯಲ್ಲಿ ಕುಳಿತೇ ಮೊಂಡಲ್ ಮೂಗು ಮುಚ್ಚಿಕೊಂಡ.

“ಥೂ, ದೂರ ನಿಲ್ಲೇ! ಏನ್ ತಿನ್ಸಿ ಸಾಯಿಸ್ತಿದ್ದೀಯೇ?”

“ರೋಗ ಚಾಚಾ. ಲಸಿಕೆ ಬಂದಿತ್ತಂತಲ್ಲ, ನಮ್ ಓಣಿಗೆ...”

“ನನ್ನ ಅಂಗಳದಾಗಿನ ಆಡಿಗೆ ಹಾಕ್ಸಿದೆ. ನಿನ್ನ ತಿಪ್ಪೆಗೂ ಬಂದು ಹಾಕ್ಬೇಕಿತ್ತೇನೇ ಹರಾಮ್‌ಜಾದಿ? ಶುಕ್ರವಾರ ಪಂಚಾಯ್ತಿ. ರೋಗ ಎಲ್ಲಿಂದ ತಂದೆ ಅಂತ ಅಲ್ಲೇ ಬೊಗಳು. ಇಲ್ಲಾಂದ್ರೆ ನಿನ್ನ ಕಪ್ಪಾಡು ನನ್ನ ಗೂಟಕ್ಕೆ, ನೀನು ಊರಾಚೆಗೆ.”

ಅಂದು ಸಂಜೆ ಪಶುವೈದ್ಯ ಕಚೇರಿಯ ಲಸಿಕೆಯಾಳು ಲುತ್ಫರ್ ತಾನಾಗಿಯೇ ಅವಳ ಕೊಟ್ಟಿಗೆಗೆ ಬಂದ. ಸುತ್ತಲಿನ ಹತ್ತು ಹಳ್ಳಿಗಳಿಗೆ ಅವನೇ ಡಾಕ್ಟರು. ಕಾಜೊಲ್‌ನ ತುಟಿ ಬಿಡಿಸಿ ನೋಡಿದ.

“ಆಡಿನ ಪ್ಲೇಗು. ಈಗಷ್ಟೇ ಅಂಟಿದೆ. ಮೂರು ದಿನ ಮೂರು ಸೂಜಿ ಬಿದ್ರೆ ಉಳಿದ್ರೂ ಉಳೀಬಹುದು.”

“ನನ್ನತ್ರ ಏನೂ ಇಲ್ಲ ಡಾಕ್ಟರ್ ಸಾಹೇಬ್.”

“ಯಾರ್ ಕೇಳಿದ್ರು?” ಅವನು ಮೊದಲ ಸೂಜಿ ಚುಚ್ಚಿದ. “ಶುಕ್ರವಾರ ಇದ್ರಿಸ್ ಹೆಸರು ಎತ್ಬೇಡ. ಕೊಂದ್ ಹಾಕ್ತಾನೆ. ಹೊಳೆದಂಡೇಲಿ ಬೇದೆ ಅಲೆಮಾರಿಗಳ ಗುಡಾರ ಇದೆಯಲ್ಲ, ಅವ್ರತ್ರ ಆಡು ಕೊಂಡೆ ಅನ್ನು. ಅವ್ರು ಹೇಗೂ ಇವತ್ತಿಲ್ಲಿ, ನಾಳೆ ಎಲ್ಲೋ. ಮೂರನೇ ಸೂಜಿ ಪಂಚಾಯ್ತಿ ಮುಗಿದ್ಮೇಲೆ ಹಾಕ್ತೀನಿ.”

ಇಷ್ಟು ಮೆಲ್ಲಗೆ ಯಾವ ಗಂಡಸೂ ತನ್ನೊಡನೆ ಮಾತಾಡಿದ ನೆನಪು ಜಮಿರನ್‌ಗೆ ಇರಲಿಲ್ಲ. ತಲೆಯಾಡಿಸಿದಳು.

ಶುಕ್ರವಾರದ ಹೊತ್ತಿಗೆ ಊರಿನಲ್ಲಿ ನಲವತ್ತಮೂರು ಆಡುಗಳು ಸತ್ತಿದ್ದವು. ಬೆಳಿಗ್ಗೆ ಅವಳು ಬಿದಿರು ಮೆಳೆಯ ಹಿಂದೆ ಮೊಂಡಲನ ಸತ್ತ ಆಡಿಗೆ ಗುಂಡಿ ತೋಡುತ್ತಿದ್ದಾಗ ವ್ಯಾನು ತುಳಿಯುವ ಕಫೀಲುದ್ದಿ ಬಂದು ನಿಂತ. ಅವನ ಹೆಗಲ ಮೇಲೂ ಸತ್ತ ಮರಿಯೊಂದಿತ್ತು.

“ಬುಬು, ನನ್ನಕ್ಕಾ, ಆ ರಾತ್ರಿ ನಿನ್ನ ಬಾಗ್ಲು ಬಡಿದಿದ್ದು ನಾನೇ.”

ಅವಳು ಗುದ್ದಲಿ ಎತ್ತಿದಳು. ಅವನು ಕದಲಲಿಲ್ಲ.

“ಹೊಡಿ. ಆದ್ರೆ ಕೇಳಿ ಹೊಡಿ. ನಾನು ಬರೀ ವ್ಯಾನು ತುಳಿಯೋನು. ಕಾಠಾಲ್‌ಪೋತಾದಿಂದ ಹೇರ್ಕೊಂಡು ಬಂದೆ. ಆ ಊರಲ್ಲಿ ಮನೆಮನೇಲೂ ಆಡು ಸಾಯ್ತಿದ್ವು. ಕಣ್ಮುಂದೆ ಸಾಯೋದಕ್ಕಿಂತ ಸಿಕ್ಕಿದಷ್ಟಕ್ಕೆ ಹೋಗ್ಲಿ ಅಂತ ಜನ ಮಾರ್ತಿದ್ರು. ನಿನಗೆ ಎರಡು, ತೊಹುರಾ ಮನೇಲಿ ಮೂರು, ಆಚೆ ಓಣೀಲಿ ನಾಲ್ಕು... ಕೊನೆಗೆ ನನ್ನ ಕೊಟ್ಟಿಗೇಲೂ ಒಂದು ಕಟ್ಸಿದ್ರು. ನನ್ನ ಮೂರೂ ಹೋದ್ವು.”

“ಆ ಇದ್ರಿಸ್ ಸೂಳೆಮಗ...”

“ಅವನಲ್ಲ ಬುಬು.”

ಕಫೀಲುದ್ದಿ ಅತ್ತಿತ್ತ ನೋಡಿ ಅವಳ ಕಿವಿಯ ಬಳಿ ಬಗ್ಗಿದ. ಹೆಸರು ಕೇಳಿದೊಡನೆ ಜಮಿರನ್ ಗುದ್ದಲಿಯನ್ನು ಕೆಳಗಿಳಿಸಿದಳು.

ನಮಾಜು ಮುಗಿದ ಮೇಲೆ ಮೊಂಡಲನ ಅಂಗಳದಲ್ಲಿ ಪಂಚಾಯ್ತಿ ಸೇರಿತು. ಕುರ್ಚಿಗಳ ಮೇಲೆ ಮೊಂಡಲ್ ಮತ್ತು ಡಾಕ್ಟರು. ಬೆಂಚಿನ ಮೇಲೆ ಇದ್ರಿಸ್ ಬೇಪಾರಿ. ಹೆಂಗಸರು ಅಂಗಳದ ಅಂಚಿನಲ್ಲಿ ನೆಲದ ಮೇಲೆ. ಬೇಲಿಯ ಬಳಿ ಬಿದಿರುಗೋಲು ಹಿಡಿದ ಹತ್ತಿಪ್ಪತ್ತು ಜನ ಹೊಳೆದಂಡೆಯ ಬೇದೆಯರ ಗುಡಾರದ ಕಡೆಗೆ ಹೊರಡಲು ಕಾದಿದ್ದರು.

“ಎದ್ದು ನಿಲ್ಲೇ,” ಮೊಂಡಲ್ ಗುಡುಗಿದ. “ಮೊದ್ಲು ಸತ್ತಿದ್ದು ನಿನ್ನ ಕೊಟ್ಟಿಗೇಲಿ. ಎಲ್ಲಿಂದ ತಂದೆ?”

“ಹೆದರ್ಬೇಡಮ್ಮ,” ಎಂದ ಡಾಕ್ಟರು. “ಓದುಬರಹ ಇಲ್ದೋರು ಮೊಂಡಲ್ ಸಾಹೇಬ್ರೇ, ಏನು ಮಾಡ್ತಾರೆ. ಬೇದೆಯರ ಹತ್ರ ಕೊಂಡ್ಳಂತೆ. ಅಲ್ವೇನಮ್ಮ?”

ಕೋಲುಗಳು ಅಲುಗಿದವು. ಡಾಕ್ಟರ ತೊಡೆಯ ಮೇಲೆ ಔಷಧಿಯ ಚೀಲವಿತ್ತು. ಕಾಜೊಲ್ ಇಂದು ಬೆಳಿಗ್ಗೆಯಷ್ಟೇ ಎದ್ದು ನಿಂತು ಎರಡು ಹಲಸಿನ ಎಲೆ ತಿಂದಿತ್ತು.

ಜಮಿರನ್ ಕುರ್ಚಿಗಳಿಗೆ ಬೆನ್ನು ಮಾಡಿ ಹೆಂಗಸರ ಕಡೆ ತಿರುಗಿದಳು.

“ರಾತ್ರಿ ಯಾರ್ಯಾರ ಬಾಗ್ಲು ಬಡಿದ್ರು?”

ಅವಳೇ ಮೊದಲು ಹೇಳಿದಳು.

“ನನಗೆ ಎರಡು ಕಟ್ಟಿದ್ರು. ಪಿಸುರುಗಣ್ಣಿನದನ್ನ ನಾನೇ ಬಾನಿಗೆ ಬಿಟ್ಟೆ. ನಿಮ್ಮೆಲ್ರ ಆಡಿನ ಪಾಪ ನನ್ನ ಕೈ ಮೇಲಿದೆ. ಉಳಿದೋರು ಹೇಳಿ.”

ತೊಹುರಾ ಸೆರಗು ಕಚ್ಚಿಕೊಂಡು ಎದ್ದಳು. “ಮೂರು.”

ಆಚೆ ಓಣಿಯ ಮುದುಕಿಯೊಬ್ಬಳು ಕೋಲೂರಿ ಎದ್ದಳು. “ನಂಗ್ ನಾಲ್ಕು. ಹೇಳಿದ್ರೆ ಪಾಲು ಕಿತ್ಕೋತೀವಿ ಅಂದ್ರು, ಆ ಹಡಬೆ ನನ್ಮಕ್ಳು.”

ಮತ್ತೊಬ್ಬಳು ಎದ್ದಳು. ಇನ್ನೊಬ್ಬಳು. ಹನ್ನೊಂದು ಜನ ಹೆಂಗಸರು ಮೊಂಡಲನ ಅಂಗಳದಲ್ಲಿ ಮೊದಲ ಬಾರಿಗೆ ಒಟ್ಟಾಗಿ ನಿಂತಿದ್ದರು.

“ಕೂತ್ಕೊಳ್ರೇ ಮುಂಡೇರಾ!” ಎಂದ ಮೊಂಡಲ್. ಯಾರೂ ಕೂರಲಿಲ್ಲ. ಊರಿನ ಕಣ್ಣೆಲ್ಲ ಬೆಂಚಿನ ಕಡೆ ತಿರುಗಿತು.

“ನನ್ನ ಯಾಕ್ ನೋಡ್ತೀರಿ?” ಇದ್ರಿಸ್ ಬೆವರಿದ. “ಅಲ್ಲಾನ ಆಣೆ, ಈ ಸಲ ನನ್ನವು ಒಂದೂ ಅಲ್ಲ!”

“ಕೂತ್ಕೋ ಬೇಪಾರಿ. ಹಿಂದೆ ಕಟ್ಟಿದ್ದು ನೀನೇ. ಈ ಸಲದವು ನಿನ್ನವಲ್ಲ. ಕಾಠಾಲ್‌ಪೋತಾದವು.” ಜಮಿರನ್ ಈಗ ಕುರ್ಚಿಗಳತ್ತ ತಿರುಗಿದಳು. “ಅಲ್ಲಿ ಜನ ಸಾಯೋ ಆಡುಗಳನ್ನ ಸಿಕ್ಕಿದಷ್ಟಕ್ಕೆ ಮಾರಿದ್ರು. ಯಾವ ಊರಲ್ಲಿ ರೋಗ ಬಿದ್ದಿದೆ ಅಂತ ಎಲ್ರಿಗಿಂತ ಮೊದ್ಲು ಗೊತ್ತಾಗೋದು ಯಾರಿಗೆ? ಮೊದ್ಲು ಹೋಗಿ ಕೊಂಡು, ನಮ್ಮ ಕೊಟ್ಟಿಗೇಲಿ ಅಡಗಿಸಿ, ಸಂತೆಸಂತೆಗೆ ಹಂಚಿದೋನು ಯಾರು?”

ಔಷಧಿಯ ಚೀಲದ ಜಿಪ್ಪು ಸರಕ್ಕನೆ ಮುಚ್ಚಿತು. ಅದರೊಳಗೆ ಮೂರನೆಯ ಸೂಜಿಯಿತ್ತು. ಜಮಿರನ್ ಒಂದು ಕ್ಷಣ ಆ ಚೀಲವನ್ನು ನೋಡಿದಳು, ಆಮೇಲೆ ಕೈ ಚಾಚಿದಳು.

“ಈ ಲುತ್ಫರ್ ಡಾಕ್ಟರು.”