ಮೊಂಟೆಸೋರೊ ಅವರ ಪ್ರೀತಿಯ ಕಾಣಿಕೆ

“ಸತ್ತೋನ್ನ ಎಲ್ಲಿ ಮಲಗ್ಸಿದೀಯ? ಬೇಗ ತೋರ್ಸಮ್ಮೀ, ಇನ್ನೂ ಎರಡ್ ಪೆಟ್ಟಿಗೆ ಇಳಿಸೋದೈತೆ ನಂಗೆ.”

ಒಣಮೀನು ತೊಳೆಯುತ್ತಿದ್ದ ರೊಸೆಂದಾ ಕೈ ಒರೆಸಿಕೊಂಡು ಎದ್ದಳು. ಗವರ್ನರ್ ಆಫೀಸಿನ ಲಾರಿ ಓಡಿಸುವ ಪೊನ್ಸೊ ಆಗಲೇ ಬಿಳಿ ಶವಪೆಟ್ಟಿಗೆಯೊಂದನ್ನು ಲಾರಿಯಿಂದ ಅಂಗಳಕ್ಕೆ ಎಳೆದಿದ್ದ. ಅದರ ಪಕ್ಕೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು: ಗವರ್ನರ್ ಮೊಂಟೆಸೋರೊ ಅವರ ಪ್ರೀತಿಯ ಕಾಣಿಕೆ.

“ನಮ್ಮನೇಲಿ ಯಾರೂ ಸತ್ತಿಲ್ಲ ಕಣೋ.”

“ಸತ್ತಿಲ್ವಾ?” ಪೊನ್ಸೊ ಜೇಬಿನಿಂದ ಪಟ್ಟಿ ತೆಗೆದು ಬೆರಳಿಟ್ಟ. “ಸಾಂತಾ ಇನೆಸ್ ತೋಟ, ಮೂರನೇ ಸಾಲು. ಎಲ್ಮೆರ್, ವಯಸ್ಸು ಇಪ್ಪತ್ನಾಲ್ಕು. ಉದ್ದ ಐದೂವರೆ ಅಡಿ. ನಿನ್ ಮಗನೇ ತಾನೇ?”

ಬಾಗಿಲ ಒಳಗೆ ಎಲ್ಮೆರ್ ಅನ್ನದ ತಟ್ಟೆ ಹಿಡಿದು ನಿಂತಿದ್ದ.

ಪೊನ್ಸೊ ಅವನನ್ನು ನೋಡಿದ, ಪಟ್ಟಿ ನೋಡಿದ. ಮುಖ ಸುಟ್ಟ ಕಬ್ಬಿನ ಬೂದಿಯ ಬಣ್ಣಕ್ಕೆ ತಿರುಗಿತು. “ಥೂ, ಆಫೀಸಿನ ಬೇವರ್ಸಿಗಳು! ದಿನ ನೋಡ್ದೆ ಕಳ್ಸವ್ರೆ...” ಎಂದವನು ನಾಲಿಗೆ ಕಚ್ಚಿಕೊಂಡ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಲಾರಿ ಹತ್ತಿದ.

ರೊಸೆಂದಾಳ ಮನೆಯ ಗೋಡೆಗಳೆಲ್ಲ ಮೊಂಟೆಸೋರೊನೇ. ಪ್ರತಿ ಚುನಾವಣೆ ಮುಗಿದ ಮೇಲೆ ತೋಟದವರು ಬ್ಯಾನರು, ತಗಡು ಕಿತ್ತು ತಂದು ಮನೆಗೆ ಹೊದಿಸುತ್ತಿದ್ದರು. ಒಲೆಯ ಹಿಂದೆ ಮೇಯರ್ ಮೊಂಟೆಸೋರೊ, ಇರಚಲು ಹೊಡೆಯುವ ಕಡೆ ಸಂಸದ ಮೊಂಟೆಸೋರೊ, ಮಾಡಿನ ಮೇಲೆ ಗವರ್ನರ್. ಒಂದೇ ಕುರ್ಚಿಯಲ್ಲಿ ಮೂರು ಸಲ ಆಯಿತು, ಇಳಿ ಎಂದು ಕಾನೂನು ಹೇಳಿದಾಗಲೆಲ್ಲ ಹೆಂಡತಿಯನ್ನೋ ಮಗನನ್ನೋ ಕುರ್ಚಿಯಲ್ಲಿ ಕೂರಿಸಿ ತಾನು ಪಕ್ಕದ ಕುರ್ಚಿಗೆ ಸರಿಯುತ್ತಿದ್ದ. ಆ ಹೆಂಡತಿ, ಮಗ ಇಬ್ಬರೂ ಕೋಳಿಗೂಡಿಗೆ ಸುತ್ತಿದ ಬ್ಯಾನರುಗಳಲ್ಲಿ ನಗುತ್ತಿದ್ದರು. ನಲವತ್ತು ವರ್ಷ. ಗೋಡೆಯ ಮೇಲೆ ಅವನಿಗೆ ವಯಸ್ಸೇ ಆಗಿರಲಿಲ್ಲ. ಅವಳ ಮದುವೆಗೆ ಹಂದಿ ಕಳಿಸಿದ್ದ. ಗಂಡ ಸತ್ತಾಗ ಪೆಟ್ಟಿಗೆ ಕಳಿಸಿದ್ದ. ಎಲ್ಮೆರ್‌ನ ದೀಕ್ಷಾಸ್ನಾನದ ದಿನ ಅವನಿಗೆ ನಿನೊಂಗ್ ಆಗಿ, ಧರ್ಮದ ತಂದೆಯಾಗಿ ನಿಂತಿದ್ದ. ಅದೇ ದಿನ ಇನ್ನೂ ಅರವತ್ತು ಮಕ್ಕಳಿಗೂ ನಿಂತಿದ್ದ. ಹೋದ ತಿಂಗಳು ಆ ಧರ್ಮದ ಮಗ, ದುಡಿಯುವವರಿಗೆ ಕಾನೂನು ಕೊಟ್ಟ ತೋಟದ ನೆಲವನ್ನು ಬಿಡಿಸಿಕೊಡಿ ಎಂಬ ಅರ್ಜಿಗೆ ಮೊದಲ ರುಜು ಹಾಕಿದ್ದ. ತೋಟ ಮೊಂಟೆಸೋರೊನದು.

“ಬೆಟ್ಟಕ್ಕೆ ಓಡೋಗ್ತೀನಿ ಅವ್ವ.”

“ಬೆಟ್ಟದಲ್ಲಿ ಸತ್ರೆ ಬಂಡುಕೋರ ಅಂತಾರೆ. ಹೆಣದ ಕೈಗೆ ಬಂದೂಕ ಕೊಟ್ಟು ಫೋಟೋ ತೆಗೀತಾರೆ. ಇವತ್ತು ಗವರ್ನರ್ ಸಭೆ ಐತೆ. ಟೋಪಿ ಹಾಕ್ಕೊಂಡು ಈ ತುದಿ ಹಿಡಿ.”

ಪಕ್ಕದ ಮನೆಯ ಬೆನಿಟಾ ಮತ್ತು ಅವಳ ತಂಗಿ ಹಿಂದಿನ ತುದಿಗೆ ಹೆಗಲು ಕೊಟ್ಟರು.

“ಎಷ್ಟ್ ಹಗುರಾಗೈತಲ್ಲೇ ರೊಸೆಂದಾ!”

“ಖಾಲಿ ಐತೆ.”

“ಇಂಗೇ ಇರ್ಲಿ ಬಿಡವ್ವ. ಒಂದ್ ಸಲನಾದ್ರೂ ಸೊಂಟ ಉಳೀತು.”

ಸಭೆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಪೆಟ್ಟಿಗೆ ಕಂಡದ್ದೇ ಬ್ಯಾಂಡು ನಿಂತಿತು, ಗಂಡಸರ ಟೋಪಿಗಳು ಇಳಿದವು. ಮೊಂಟೆಸೋರೊ ಮೈಕು ಹಿಡಿದೇ ವೇದಿಕೆಯಿಂದ ಕೆಳಗಿಳಿದ. ಶವವೊಂದು ಎದುರಾದರೆ ನಿಲ್ಲದೆ ಹೋದವನಲ್ಲ ಅವನು. ನಲವತ್ತು ವರ್ಷ ಗೆದ್ದದ್ದೇ ಹಾಗೆ. ಎದೆಯ ಮೇಲೆ ಕೈಯಿಟ್ಟು ಕೇಳಿದ, “ಯಾರು ತೀರ್ಕೊಂಡ್ರು ತಾಯಿ?”

“ನಿಮ್ ಪಟ್ಟೀಲಿರೋನೇ, ನಿನೊಂಗ್.”

ರೊಸೆಂದಾ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಳು. ಒಳಗೆ ಬಿಳಿ ಬಟ್ಟೆಯ ದಿಂಬೊಂದೇ ಇತ್ತು. ಆಮೇಲೆ ಪಕ್ಕದಲ್ಲಿ ನಿಂತವನ ಟೋಪಿ ಕಿತ್ತಳು.

“ಎಲ್ಮೆರ್. ನಿಮ್ ಧರ್ಮದ ಮಗ. ಉಸ್ರಾಡ್ತಾವ್ನೆ. ಆಶೀರ್ವಾದ ಮಾಡಿ, ಎಲ್ಲಾರೂ ಕಣ್ ತುಂಬ ನೋಡ್ಕಳ್ಲಿ.”

ಎಲ್ಮೆರ್ ಬಗ್ಗಿ ಆ ಮುದಿ ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಧರ್ಮದ ಮಗ ಕೇಳಿದ ಕೈಯನ್ನು ಯಾವ ತಂದೆಯೂ ಹಿಂದಕ್ಕೆಳೆಯುವಂತಿಲ್ಲ. ಮೈಕಿನಲ್ಲಿ ಮೊಂಟೆಸೋರೊನ ಉಸಿರು ಮಾತ್ರ ಕೇಳುತ್ತಿತ್ತು.

“ದೇವರು ಒಳ್ಳೇದು ಮಾಡ್ಲಿ,” ಎಂದ. ಮೈಕನ್ನು ಅಂಗೈಯಿಂದ ಮುಚ್ಚಿ, ಪೆಟ್ಟಿಗೆಯನ್ನು ತೋರಿಸಿ, ಮೆಲ್ಲಗೆ ಅಂದ: “ಇದನ್ನ ತಗೊಂಡೋಗವ್ವ. ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡೋನಲ್ಲ ನಾನು.” ಹಿಂದೆ ನಿಂತಿದ್ದ ಕಾವಲುಗಾರರು ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಎತ್ತಿ ಹೊತ್ತು ತಂದವರ ಹೆಗಲ ಮೇಲೇ ಇಟ್ಟರು. ಬ್ಯಾಂಡು ಮತ್ತೆ ಶುರುವಾಯಿತು.

ವಾಪಸ್ಸಿನ ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಅರ್ಧ ದಾರಿಗೆ ಹಿಂದೆ ಬೈಕಿನ ಸದ್ದಾಯಿತು. ಇಬ್ಬರು ಸವಾರರು, ಮುಖ ಮುಚ್ಚಿದ ಹೆಲ್ಮೆಟ್ಟು. ಬೆನಿಟಾ ಬದಿಗೆ ಸರಿದು, “ಮುಂದಕ್ ಹೋಗ್ರಪ್ಪಾ,” ಎಂದು ಕೈ ಬೀಸಿದಳು. ಬೈಕು ಮುಂದೆ ಹೋಗಲಿಲ್ಲ. ಅವರ ನಡಿಗೆಯ ವೇಗದಲ್ಲೇ ಬರುತ್ತಿತ್ತು.

“ಇಳಿಸಿ,” ಎಂದಳು ರೊಸೆಂದಾ.

ಪೆಟ್ಟಿಗೆಯನ್ನು ರಸ್ತೆಗೆ ಅಡ್ಡಲಾಗಿ ಇಡಿಸಿದಳು.

“ನೀವ್ ನಡೀರಿ. ಎಲ್ಮೆರ್‌ನ ನಡುವೆ ಹಾಕ್ಕೊಳ್ರೇ.”

“ಅವ್ವಾ...”

“ನಡೀ ಅಂದ್ನಲ್ಲ, ಮುಂಡೇದೇ!”

ಅವಳು ಮುಚ್ಚಳದ ಮೇಲೆ ಕೂತಳು. ಬೈಕು ನಾಲ್ಕು ಮಾರು ದೂರದಲ್ಲಿ ನಿಂತಿತು. ಎಂಜಿನ್ ಆರಲಿಲ್ಲ. ರೊಸೆಂದಾ ಸದಾ ಸೊಂಟದಲ್ಲಿರುತ್ತಿದ್ದ ಕಬ್ಬು ಕಡಿಯುವ ಕತ್ತಿ ಎಳೆದು, ಬಗ್ಗಿ, ಪೆಟ್ಟಿಗೆಯ ಪಕ್ಕೆಯ ನೀಲಿ ಅಕ್ಷರಗಳನ್ನು ಒಂದೊಂದಾಗಿ ಕೆರೆಯತೊಡಗಿದಳು.