ಎಲ್ಲ ಆರಿಸಿದ ಮೇಲೂ

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಉಪ್ಪುಂದದ ಒಳಗಿನ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದು, ಅದೇ ಗದ್ದೆಗಳಲ್ಲಿ ನೆಲಗಡಲೆ ಹಸಿರಾಗಿ ಹರಡಿತ್ತು. ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಸುಗುಣ ಅಂಗಳದ ಮೂಲೆಯ ಒಲೆಗೆ ಹಂಡೆ ಏರಿಸಿ ಭತ್ತ ಬೇಯಿಸುತ್ತಿದ್ದಳು. ತೆಂಗಿನ ಸಿಪ್ಪೆ ಮಂಜಿಗೆ ತಂಡಿ ಹಿಡಿದು ಉರಿಗಿಂತ ಹೊಗೆಯೇ ಹೆಚ್ಚಾಗಿತ್ತು. ಗಂಡ ಚಂದ್ರ ಮೊದಲ ಬಸ್ಸಿಗೇ ಶಿರೂರಿಗೆ ಹೋಗಿದ್ದ. ಅಲ್ಲಿ ಅವನ ತಂಗಿಯ ಮನೆಗೆ ಹೆಂಚು ಹೊದಿಸುವ ಕೆಲಸ.

ಐದನೇ ಕ್ಲಾಸಿನ ಮಗಳು ಪ್ರೇಕ್ಷಾ ಪೆನ್ಸಿಲ್ ಕಚ್ಚುತ್ತಾ ಒಲೆಯ ಮುಂದೆ ಬಂದು ಕೂತಳು.

"ಅಮ್ಮ, ಈ ಬತ್ತ ಬೇಯುದ್ ಯಾವ ಶಕ್ತಿಯಗೆ?"

"ನನ್ ಸೊಂಟದ ಶಕ್ತಿಯಗೆ."

"ತಮಾಷಿ ಬ್ಯಾಡ. ಮನೆಗೆ ಶಕ್ತಿ ಎಲ್ಲೆಲ್ಲಿಂದ ಬತ್ತ್ ಅಂದೇಳಿ ಬರ್ದ್ಕಂಡ್ ಬರ್ಕಂಬ್ರ್ ಶ್ರೀಲತಾ ಟೀಚರ್. ಸಿಪ್ಪೆ ಒಂದ್. ಒಣ್ಗುಕೆ ಬಿಸ್ಲ್ ಒಂದ್. ಬಿಸ್ಲಿಗೆ ಬಿಲ್ ಇಲ್ಲ ಅಲ್ದಾ?"

"ಸದ್ಯಕ್ಕಿಲ್ಲ."

ಟೀಚರ್ ಇನ್ನೂ ಒಂದು ಕೆಲಸ ಹೇಳಿದ್ದರು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೀಟರಿನ ಕೆಂಪು ದೀಪ ಮಿಣುಕುವುದು ನಿಂತಿತೋ ಇಲ್ಲವೋ ನೋಡಿಕೊಂಡು ಬರಬೇಕು. ಪ್ರೇಕ್ಷಾ ಸ್ಟೂಲು ಎಳೆದುಕೊಂಡು ಕೋಣೆಯಿಂದ ಕೋಣೆಗೆ ಹೋದಳು. ಪಂಪು, ಚಾರ್ಜರು, ಕೊಟ್ಟಿಗೆಯ ಬಲ್ಬು, ಕೊನೆಗೆ ಫ್ರಿಜ್ಜು.

"ಹೆಣೆ, ಅದ್ರಗೆ ಮೀನಿತ್ತ್!" ಅಂಗಳದಿಂದಲೇ ಸುಗುಣ ಕೂಗಿದಳು.

"ಒಂದ್ ಗಳಿಗಿಗೆ ಮೀನ್ ಎದ್ದ್ ಓಡುದಿಲ್ಲ ಅಮ್ಮ."

ಸುಗುಣ ನಗುತ್ತಾ ಭತ್ತ ಮಗುಚಿದಳು. ತುಸು ಹೊತ್ತಿನ ಮೇಲೆ ಜಗಲಿಯಿಂದ ಬಂದ ಮಗಳ ದನಿ ಬೇರೆಯಾಗಿತ್ತು.

"ಅಮ್ಮ, ದೀಪ ನಿಲ್ಲುದಿಲ್ಲ."

ಕೈ ಒರೆಸಿಕೊಂಡು ಬಂದು ನೋಡಿದಳು. ಕೆಂಪು ದೀಪ ಒಮ್ಮೆ ಮಿಣುಕಿತು, ಸುಮ್ಮನಾಯಿತು, ಮತ್ತೆ ಮಿಣುಕಿತು. ಸುಗುಣ ತಾನೇ ಒಂದು ಸುತ್ತು ಹಾಕಿ ಬಂದಳು. ಎಲ್ಲವೂ ಆರಿದ್ದವು.

"ಹಿಂಗಾರೆ ಎಂತ ಮಾಡ್ಕಂಬ್ರ್ ಟೀಚರ್?"

"ಎಲ್ಲೋ ಕರೆಂಟ್ ಸೋರ್ತಿತ್ತ್ ಅಂದೇಳಿ. ನೀವ್ ಎಂತದನ್ನೂ ಮುಟ್ಬೇಡಿ, ದೊಡ್ಡವ್ರಿಗೆ ಹೇಳಿ ಅಂದಿರ್."

ದೊಡ್ಡವಳು ತಾನೇ. ಸುಗುಣ ಒರಗಿದ್ದ ಗೋಡೆಯಿಂದ ಮೆಲ್ಲಗೆ ಕೈ ತೆಗೆದಳು. ಸೋರುವುದು ನೀರಾದರೆ ಕಣ್ಣಿಗೆ ಕಾಣುತ್ತದೆ. ಇದು ಯಾವ ಗೋಡೆಯಲ್ಲಿ, ಯಾವ ನೆಲದಲ್ಲಿ ಹರಿಯುತ್ತಿದೆಯೋ!

ಅಷ್ಟರಲ್ಲಿ ಗದ್ದೆಯ ಕಡೆ ದೊಪ್ಪನೆ ಸದ್ದಾಯಿತು. ಗರಿ ಸಮೇತ ತೆಂಗಿನ ಮಡಲು ಬಿದ್ದ ಸದ್ದು. ಆ ಕ್ಷಣದಿಂದ ಕೆಂಪು ದೀಪ ಎಡೆಬಿಡದೆ ಬಡಿದುಕೊಳ್ಳತೊಡಗಿತು. ಪ್ರೇಕ್ಷಾ ಅಮ್ಮನ ಸೀರೆ ಹಿಡಿದುಕೊಂಡಳು.

ಸುಗುಣ ಗದ್ದೆಯತ್ತ ತಿರುಗಿದಳು. ಈ ವಾರವೆಲ್ಲ ಊಟವಾದ ಮೇಲೆ ಚಂದ್ರ ಟಾರ್ಚು ಹಿಡಿದು ಕೊಟ್ಟಿಗೆಯ ಹಿಂದೆ ಹೋಗಿ ಬರುತ್ತಿದ್ದ. ಎಂತಕ್ಕೆ ಅಂದರೆ ಹಂದಿ ಕಾಯುಕೆ ಅನ್ನುತ್ತಿದ್ದ. ಹಾವಿತ್ತ್, ಗದ್ದಿಗೆ ಇಳಿಬೇಡ ಎಂದು ಮಗಳಿಗೂ ಹೇಳಿದ್ದ. ದಿನಾ ಬೆಳಗ್ಗೆ ಎದ್ದ ಕೂಡಲೇ ಅಲ್ಲಿಗೆ ಹೋಗುತ್ತಿದ್ದವನು ಇವತ್ತು ಬಸ್ಸಿನ ಅವಸರದಲ್ಲಿ ಆ ಕಡೆ ಹೋಗಿರಲೇ ಇಲ್ಲ.

"ಇಲ್ಲೇ ನಿಲ್ಲ್. ಕೆಳ್ಗಿಳಿಬೇಡ," ಎಂದು ಮಗಳಿಗೆ ಹೇಳಿ ಓಡಿದಳು.

ಹುಲ್ಲಿನ ರಾಶಿಯ ಸಂದಿಯಲ್ಲಿ ಕಪ್ಪು ವಯರು. ಒಂದು ತುದಿ, ಮನೆಯಿಂದ ಕೊಟ್ಟಿಗೆಗೆ ಬಂದ ಲೈನಿಗೆ ಸ್ವಿಚ್ಚಿಗಿಂತ ಮೊದಲೇ ಕೊಕ್ಕೆ ಹಾಕಿಕೊಂಡಿತ್ತು. ಇನ್ನೊಂದು ತುದಿ ಗದ್ದೆಗೆ ಇಳಿದಿತ್ತು. ಗದ್ದೆಯ ಸುತ್ತ ಬಿದಿರಿನ ಗೂಟಗಳು, ಮೊಣಕಾಲೆತ್ತರದಲ್ಲಿ ಬರಿಯ ತಂತಿ, ತಂತಿಯುದ್ದಕ್ಕೂ ಇಬ್ಬನಿಯ ಹನಿ. ಆಚೆ ಮೂಲೆಯಲ್ಲಿ ಮಡಲು ಅಡ್ಡ ಬಿದ್ದು ತಂತಿಯನ್ನು ಒದ್ದೆ ನೆಲಕ್ಕೆ ಒತ್ತಿತ್ತು. ಅಲ್ಲಿಂದ ಚಿಟಿಚಿಟಿ ಸದ್ದು.

ಕೊಕ್ಕೆ ಕಿತ್ತೆಸೆಯಲು ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು.

ತಲೆಯೆತ್ತಿದರೆ, ಆಚೆ ಅಂಚಿನ ಮೇಲೆ ಸೀತು ಬರುತ್ತಿದ್ದಳು. ಬರಿಗಾಲು, ಕೈಯಲ್ಲಿ ಕತ್ತಿ. ಪಕ್ಕದ ಮನೆಯ ಈ ಒಂಟಿ ಹೆಂಗಸಿಗೆ ವಯಸ್ಸಾಗಿದ್ದರೂ ಮಡಲು ಬಿದ್ದ ಸದ್ದು ಮಾತ್ರ ಮೊದಲು ಕೇಳುತ್ತದೆ. ಬಿದ್ದ ಮಡಲು ಮೊದಲು ಮುಟ್ಟಿದವರದು ಎಂಬುದು ಆ ಬಯಲಿನ ಲೆಕ್ಕ.

"ಸೀತಕ್ಕಾ! ಮುಟ್ಬೇಡಿ! ಅಲ್ಲೇ ನಿಲ್ಲಿ!"

ಸೀತು ನಿಂತಳು. ಸೊಂಟಕ್ಕೆ ಕೈ ಕೊಟ್ಟಳು. "ಎಂತಾ? ಬಿದ್ದ್ ಮಡ್ಲ್ ಹೆಕ್ಕುದ್ ನಾನ್ ಇವತ್ತ್ ಶುರು ಮಾಡದ್ದಾ? ನಿಮ್ಮನಿ ಮಡ್ಲಿಗೆ ಎಂತ ಬಂಗಾರ ಸುತ್ತಿರ್ಯಾ?"

"ಅದಲ್ದೇ..." ಗಂಡ ಬೇಲಿಗೆ ಕರೆಂಟ್ ಹರಿಸಿದ್ದಾನೆ ಎನ್ನಲು ಸುಗುಣಳಿಗೆ ಬಾಯಿ ಬರಲಿಲ್ಲ. ಸೀತು ಸಿಟ್ಟಿನಿಂದ ಮೊದಲಿಗಿಂತ ಬಿರುಸಾಗಿ ಹೆಜ್ಜೆ ಹಾಕಿದಳು.

ತಾನು ಗದ್ದೆ ದಾಟಿ ಹೋಗುವಷ್ಟರಲ್ಲಿ ಸೀತುವಿನ ಕೈ ಮಡಲಿನ ಮೇಲಿರುತ್ತದೆ. ಸುಗುಣ ತಿರುಗಿ ಮನೆಯತ್ತ ಓಡಿದಳು. ಭತ್ತ ಒಣಗಿಸಲು ಒಲೆಯ ಪಕ್ಕ ಹಾಸಿದ್ದ ಚಾಪೆಯ ಮೇಲೆ ಕಾಲಿಟ್ಟು ಜಾರಿದಳು, ಎದ್ದಳು, ಜಗಲಿ ಹತ್ತಿದಳು. ಮೇನ್ ಸ್ವಿಚ್ಚಿನ ಹಿಡಿ ತುಕ್ಕು ಹಿಡಿದು ಕೂತಿತ್ತು. ಒಂದು ಕೈಗೆ ಬಗ್ಗಲಿಲ್ಲ. ಎರಡೂ ಕೈಯಲ್ಲಿ ಜೋತುಬಿದ್ದಳು. ಖಟ್ ಎಂದು ಕೆಳಗೆ ಬಂತು.

"ದೀಪ ನಿಂತ್ತ್ ಅಮ್ಮ," ಪ್ರೇಕ್ಷಾ ಪಿಸುಗುಟ್ಟಿದಳು.

ಗದ್ದೆಯಿಂದ ಮಾತಿಲ್ಲ, ಸದ್ದಿಲ್ಲ. "ಸೀತಕ್ಕಾ," ಎಂದು ಕರೆದದ್ದು ಅವಳಿಗೇ ಕೇಳಿಸಲಿಲ್ಲ. ಹಂಡೆಯ ನೀರು ಉಕ್ಕಿ ಒಲೆಗೆ ಬಿದ್ದು ಚುಂಯ್ ಎಂದಾಗ ತಾಯಿ ಮಗಳು ಇಬ್ಬರೂ ಬೆಚ್ಚಿಬಿದ್ದರು.

ಆಮೇಲೆ ಸರಬರ ಎಂದು ಮಡಲು ಎಳೆಯುವ ಸದ್ದು.

"ಬೊಬ್ಬಿ ಹೊಡ್ದ್ರೆ ಬಿಟ್ಟಿಕ್ ಹೋಪವ್ಳಲ್ಲ ನಾನ್!"

ಸುಗುಣ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

ಕಣ್ಣೊರೆಸಿಕೊಂಡು ಚಂದ್ರನಿಗೆ ಫೋನು ಮಾಡಿದಳು. "ತೆಗ್ದಿಕ್ ಹೊರಡುಕೆ ಮರ್ತ್ ಹೋಯ್ತ್ ಮಾರಾಯ್ತಿ," ಅಂದ. "ಬಿತ್ತಿದ್ದ್ ಸೀತಕ್ಕನ ಹತ್ರ ಸಾಲ ತಂದ್ ಬೀಜ ಅಲ್ದಾ. ಕೊಯ್ಲಿಗೆ ಹಿಂದ್ ಕೊಡ್ತೆ ಅಂದಿದ್ದೆ. ಎಲ್ಲ ಹಂದಿ ತಿಂದ್ರೆ ಅವ್ರಿಗೆ ಎಂತ ಕೊಡುದ್?"

"ಅವ್ರಿಗ್ ಕೊಡುಕೆ ಅವ್ರನ್ನೇ ಕೊಲ್ತಿದ್ರಿ," ಎಂದು ಸುಗುಣ ಫೋನು ಇಟ್ಟಳು.

ಒಣಕೋಲಿನಿಂದ ಕೊಕ್ಕೆ ಬೀಳಿಸಿ, ತಂತಿಯನ್ನೆಲ್ಲ ಸುತ್ತಿ ತಂದು ಅಂಗಳಕ್ಕೆ ಹಾಕಿದಳು. ಮೇನ್ ಇನ್ನೂ ಕೆಳಗೇ ಇತ್ತು. ಬಟ್ಟೆ ಒಣಗಿಸುವ ತಂತಿಯ ಹತ್ತಿರವೂ ಪ್ರೇಕ್ಷಾ ಸುಳಿಯಲಿಲ್ಲ.

ಮಧ್ಯಾಹ್ನ ಸುಗುಣ ಸೀತುವಿನ ಮನೆಗೆ ಹೋದಳು. ಸೀತು ಮಡಲಿನ ಗರಿ ಸೀಳಿ ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತಿದ್ದಳು. ಮುಖ ತಿರುಗಿಸಿಯೇ ಇದ್ದಳು. ಸುಗುಣ ನಿಂತಲ್ಲೇ ಎಲ್ಲ ಹೇಳಿದಳು. ಕತ್ತಿ ಮೆಲ್ಲಗೆ ನಿಂತಿತು.

"ಬೀಜ ಈ ಸಲ ಕೊಡುಕಾತ್ತೋ ಇಲ್ಯೋ ಸೀತಕ್ಕ. ಹಂದಿ ತಿಂದ್ ಉಳ್ದ್ರೆ ಉಂಟ್."

ಸೀತು ತನ್ನ ಅಂಗೈ ನೋಡಿಕೊಂಡಳು.

"ಸಾಲ ಬಿಡುದಿಲ್ಲ ನಾನ್. ಈ ವರ್ಷ ಆಗ್ದಿದ್ರೆ ಬಪ್ಪು ವರ್ಷ ಕೊಡ್ಕ್. ಸಾಲ ಕೇಂಬುಕೆ ನಾ ಇನ್ನೂ ಇದ್ದೆ ಅಲ್ದಾ."

ಮಡಲನ್ನು ಕೈಯಿಂದ ಮುಟ್ಟದೆ, ಕಾಲಿನಿಂದ ದೂರ ನೂಕಿದಳು.